ಚೀಟಿಯ ಕೆಳಗಿನ ಚೀಟಿ

ಜಮಖಂಡಿಯಲ್ಲಿ ನಾನು ಓದಿದ ಕಾಲೇಜಿನಲ್ಲೇ ಈಗ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ನನಗೆ ಕಲಿಸಿದ ಸರ್ ಪ್ರತಿ ವರ್ಷ ಕಪಾಟಿನಿಂದ ಒಂದು ಗಾಜಿನ ಪೆಟ್ಟಿಗೆ ತೆಗೆದು ತೋರಿಸುತ್ತಿದ್ದರು. ಒಳಗೆ ಸೂಜಿ ಚುಚ್ಚಿಟ್ಟ ಬಂಬಲ್‌ಬೀಗಳು. ಮೈತುಂಬ ರೋಮದ ದಪ್ಪ ದುಂಬಿಗಳು, ಹಿಮಾಲಯದ ಎತ್ತರದಲ್ಲಿ ಸಿಕ್ಕಂಥವು. ಕಬ್ಬಿನ ಸೀಮೆಯ ನಾವು ಎಲ್ಲಿ ಕಾಣಬೇಕು!

"ಉಸರ ಸಿಗೂದಿಲ್ಲ ಅಲ್ಲಿ. ದುಂಬಿ ಹಿಡ್ಯಾಕ ಬಲಿ ಬೀಸಿ ನೆಲಕ್ಕ ಕುಂತುಬಿಡತಿದ್ದೆ," ಅನ್ನುತ್ತಿದ್ದರು. ಮನೆಯಲ್ಲಿ ನರ್ಸಿಂಗ್ ಸೇರು ಅಂದರೂ ನಾನು ಈ ವಿಷಯ ಹಿಡಿದದ್ದು ಆ ಮಾತಿಗೆ.

ಹೋದ ವರ್ಷ ಹಳೆಯ ಮಾದರಿಗಳ ವಿವರವನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸ ನನಗೆ ಬಂತು. ಪ್ರತಿ ದುಂಬಿಯ ಕೆಳಗೆ ಅದೇ ಸೂಜಿಗೆ ಪುಟ್ಟ ಚೀಟಿ: ಜಾಗ, ಎತ್ತರ, ತಾರೀಖು, ಹಿಡಿದವರ ಹೆಸರು. ಎಲ್ಲದರಲ್ಲೂ ಸರ್ ಹೆಸರೇ. ಒಂದು ಚೀಟಿಯ ಅಂಚು ಎದ್ದಿತ್ತು. ಚಿಮಟದಿಂದ ಹಿಡಿದೆ, ಕಳಚಿ ಬಂತು. ಅಡಿಯಲ್ಲಿ ಇನ್ನೊಂದು ಚೀಟಿ. ಅದೇ ಜಾಗ, ಅದೇ ತಾರೀಖು, ಬೇರೆ ಕೈಬರಹ. ಹೆಸರು ಒಬ್ಬ ಹೆಂಗಸಿನದು. ಉಳಿದವನ್ನೂ ನೋಡಿದೆ. ಎಲ್ಲವೂ ಹಾಗೇ. ಅವಸರದಲ್ಲಿ ಒಂದು ದುಂಬಿಯ ಕಾಲು ಮುರಿಯಿತು. ಚೀಟಿಗಳ ಫೋಟೊ ತೆಗೆದುಕೊಂಡೆ.

ಮರುದಿನ ಮುಧೋಳಕ್ಕೆ, ನಿವೃತ್ತರಾಗಿದ್ದ ಸರ್ ಮನೆಗೆ ಹೋದೆ. ಚಹಾ ತರಿಸಿದರು. ಮೊಬೈಲಿನಲ್ಲಿ ಫೋಟೊ ತೋರಿಸಿದೆ.

"ನನ್ನ ಜೋಡಿ ಓದತಿದ್ದಳು. ಲಗ್ನಾ ಆಗಿ ಓದು ಬಿಟ್ಟಳು. ಪೆಟಗಿ ನನ್ನ ಹಂತೇಕ ಉಳೀತು."

"ನೀವು ಅಲ್ಲಿಗೆ ಹೋಗಿದ್ದಿರೋ ಇಲ್ಲೋ, ಸರ್?"

"ಹೋಗೂದಿತ್ತು. ಆಗಲಿಲ್ಲ." ಆಮೇಲೆ ಮೆಲ್ಲಗೆ, "ಅದನ್ನ ಕೇಳೇ ಅಲ್ಲೇನ ನೀ ಕಲತದ್ದು? ಸುಳ್ಳಾದರ ಏನಾತವಾ?" ಅಂದರು.

ಚಹಾ ಮುಟ್ಟದೆ ಎದ್ದೆ. ಬಸ್ಸಿನಲ್ಲಿ ಅಳು ಬರಲಿಲ್ಲ, ನಾಚಿಕೆ ಬಂತು. ಉಸಿರು ಸಿಗದ್ದು, ನೆಲಕ್ಕೆ ಕೂತದ್ದು, ಆ ಕಥೆಯನ್ನು ಇಷ್ಟು ವರ್ಷ ನಾನೂ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತ ಬಂದಿದ್ದೆ.

ದಾಖಲೆಯಲ್ಲಿ ಆಕೆಯ ಹೆಸರು ಬರೆದೆ. ಸುದ್ದಿ ತಿಳಿದು ಸರ್ ಫೋನ್ ಮಾಡಿದರು. "ಆಕಿ ಬನಹಟ್ಟಿಯಾಗ ಮೊಮ್ಮಕ್ಕಳ ಕೂಡ ಆರಾಮ ಅದಾಳ. ಆಕಿಗ್ಯಾಕ ಬೇಕದು? ತಗಿ."

ತೆಗೆಯಲಿಲ್ಲ. ಬನಹಟ್ಟಿಗೆ ಹೋಗಿ, ನಾಲ್ಕು ಮಂದಿಯನ್ನು ಕೇಳಿ ಮನೆ ಹುಡುಕಿದೆ. ಮಗ್ಗದ ಸದ್ದಿನ ಓಣಿ. ಆಕೆ ಕನ್ನಡಕ ಹಾಕಿಕೊಂಡು ಫೋಟೊದಲ್ಲಿ ತಮ್ಮದೇ ಅಕ್ಷರ ಓದಿದರು.

"ಹುಳಾ ಹತ್ತಿ ಎಲ್ಲಾ ಹಾಳಾದುವು ಅಂತ ಪತ್ರಾ ಬರದಿದ್ದ ಅಂವ," ಅಂದರು. "ಎಷ್ಟು ಅತ್ತಿದ್ದೆ ಆವತ್ತ."

ಪೆಟ್ಟಿಗೆ ಇನ್ನೂ ನಮ್ಮ ಕಾಲೇಜಿನ ಕಪಾಟಿನಲ್ಲೇ ಇದೆ ಎಂದೆ. ಆಕೆ ಒಳಗೆ ಹೋಗಿ ಸೀರೆ ಬದಲಿಸಿ ಬಂದು ಕೇಳಿದರು, "ಜಮಖಂಡಿ ಬಸ್ ಎಷ್ಟಕ್ಕೈತಿ?"