ಬೆನ್ನುಹುರಿಯನ್ನು ಒತ್ತಿದ ಗಡ್ಡೆ

ಹಂಸಭಾವಿಯಲ್ಲಿ ಬಸ್ಸಿಳಿದು ಹತ್ತು ಹೆಜ್ಜೆ ನಡೆದಿದ್ದೆ. ಹಿಂದಿನಿಂದ ಕಂಡಕ್ಟರ್ ಕೂಗಿದ: "ಟೀಚರ್, ಚಪ್ಲಿ ಇಲ್ಲೇ ಬಿಟ್ಟೀರಿ ನೋಡ್ರಿ."

ನೋಡಿದರೆ ಎಡಗಾಲು ಬರಿದಾಗಿತ್ತು. ಮಾರ್ಚ್ ಕೊನೆಯ ಮಧ್ಯಾಹ್ನ. ಡಾಂಬರು ಕಾದು ಮೆತ್ತಗಾಗಿತ್ತು. ನನಗೆ ಸುಟ್ಟದ್ದೇ ಗೊತ್ತಾಗಿರಲಿಲ್ಲ.

ಬೆನ್ನುನೋವು ಮೊದಲೇ ಇತ್ತು. ಹಿರೇಕೆರೂರಿನಿಂದ ದಿನಾ ಶಾಲೆಗೆ ಬಸ್ಸಿನಲ್ಲಿ ಓಡಾಡುವುದರಿಂದ ಎಂದುಕೊಂಡಿದ್ದೆ. ಆ ವಾರವೇ ಅವ್ವ ಹುಬ್ಬಳ್ಳಿಗೆ ಕರೆದೊಯ್ದಳು. ಡಾಕ್ಟರು ಕಣ್ಣು ಮುಚ್ಚಲು ಹೇಳಿ ಎಡಗಾಲಿನ ಹೆಬ್ಬೆರಳು ಹಿಡಿದರು.

"ಈಗ ಮ್ಯಾಲ ಐತೋ, ಕೆಳಗ ಐತೋ ಹೇಳ್ರಿ."

ಐದು ಸಲ ಹೇಳಿದೆ. ಕಣ್ಣು ತೆರೆದಾಗ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಒಂದೂ ಸರಿ ಇರಲಿಲ್ಲವಂತೆ.

ಸ್ಕ್ಯಾನಿನಲ್ಲಿ ಗಡ್ಡೆ ಕಂಡಿತು. ನಡುಬೆನ್ನಿನ ಮೂಳೆಯೊಳಗೆ ಬೆಳೆದು ಬೆನ್ನುಹುರಿಯನ್ನು ಒತ್ತುತ್ತಿತ್ತು.

"ಹಿಂಗ ಬಿಟ್ರ ಎರಡೂ ಕಾಲು ಹೋಗ್ತಾವ್ರಿ. ಆಪರೇಷನ್ ಮಾಡಿ ತೆಗೀಬೇಕು," ಎಂದರು.

"ತೆಗೆದ್ರ ನಡೀತೇನಿ ಏನ್ರಿ?"

"ಬಹಳ ಮಂದಿ ನಡೀತಾರ. ನಿಮಗ ಮಾತು ಕೊಡಾಕ ಆಗೂದಿಲ್ರಿ."

ನನಗೆ ಮದುವೆಯಾಗಿಲ್ಲ, ಮನೆಯಲ್ಲಿ ನಾವಿಬ್ಬರೇ. ಈ ವಯಸ್ಸಿನಲ್ಲಿ ಅವ್ವ ನನ್ನನ್ನು ಎತ್ತಿ ಕೂರಿಸುವುದು, ಮೈ ತೊಳೆಯುವುದು ಕಣ್ಣೆದುರು ಬಂತು. ಸಾವಿಗಿಂತ ಅದಕ್ಕೇ ಹೆಚ್ಚು ಹೆದರಿದೆ.

"ಬ್ಯಾಡವ್ವಾ, ಊರಿಗೆ ಹೋಗೂಣು."

"ಹೋಗಿ? ಕಾಲು ಹೋಗೂದನ್ನ ಕುಂತು ನೋಡೂದೇನು?" ಎಂದಳು. ದನಿ ಎತ್ತಲಿಲ್ಲ.

ಒಪ್ಪಿಗೆ ಪತ್ರವನ್ನು ಸಾಲುಸಾಲಾಗಿ ಓದಿದೆ. ಕಾಲಿನ ಬಲ ಹೋಗಬಹುದು, ಮೂತ್ರದ ಹಿಡಿತ ತಪ್ಪಬಹುದು, ಜೀವಕ್ಕೂ ಅಪಾಯವಾಗಬಹುದು. ಸಹಿ ಮಾಡುವಾಗ ನನ್ನ ಹೆಸರಿನಲ್ಲೇ ಒಂದಕ್ಷರ ಬಿಟ್ಟೆ.

ಎಚ್ಚರವಾದಾಗ ಬಲಗಾಲು ಆಡಿತು. ಎಡಗಾಲು ಆಡಲಿಲ್ಲ. ಬಾವು ಇಳಿಯಲಿ, ಕಾಯಬೇಕು ಎಂದರು ಡಾಕ್ಟರು. ಎರಡು ದಿನ ಕಳೆದರೂ ಹಾಗೆಯೇ ಇತ್ತು. ಮೂರನೆಯ ದಿನ ಅವ್ವ ಹೊದಿಕೆಯೊಳಗೆ ಕೈ ಹಾಕಿದಳು.

"ನನ್ನ ಕೈ ಗೊತ್ತಾಗ್ತೈತೇನು?"

"ಹೂಂ ಅವ್ವಾ."

ಅವಳು ಕೈ ಹೊರಗೆ ತೆಗೆದಳು. "ನಾ ಇನ್ನೂ ಮುಟ್ಟಿಲ್ಲ," ಎಂದಳು.

ಅವಳು ಕಿಟಕಿಯ ಕಡೆ ತಿರುಗಿ ನಿಂತಳು. ಇನ್ನು ಇಷ್ಟೇ ಎಂದುಕೊಂಡೆ.

ಐದನೆಯ ದಿನ ನರ್ಸ್ ಒದ್ದೆ ಬಟ್ಟೆಯಿಂದ ಎಡಪಾದ ಒರೆಸುವಾಗ ತಂಪೆನಿಸಿತು. ಸುಳ್ಳಾಗಿಬಿಟ್ಟರೆ ಎಂಬ ಭಯಕ್ಕೆ ಯಾರಿಗೂ ಹೇಳಲಿಲ್ಲ. ಸಂಜೆ ಇನ್ನೊಮ್ಮೆ ಒರೆಸಲು ಕೇಳಿದೆ. ಮತ್ತೆ ತಂಪೆನಿಸಿದ ಮೇಲೆಯೇ ಅವ್ವನನ್ನು ಕರೆದದ್ದು.

ಗಡ್ಡೆ ಕ್ಯಾನ್ಸರ್ ಅಲ್ಲವೆಂದು ವರದಿ ಬಂತು. ಆರು ತಿಂಗಳಿಗೆ ಕೋಲು ಹಿಡಿದು ಶಾಲೆಗೆ ಹೋದೆ; ಈಗಲೂ ಕುಳಿತೇ ಪಾಠ ಮಾಡುತ್ತೇನೆ.

"ಪೂರಾ ಆರಾಮಾತಲ್ರಿ?" ಎಂದು ಜೊತೆಯ ಟೀಚರುಗಳು ಕೇಳುತ್ತಾರೆ.

"ನಡೀತೇನ್ರಿ," ಎನ್ನುತ್ತೇನೆ.

ವರ್ಷಕ್ಕೊಮ್ಮೆ ಸ್ಕ್ಯಾನ್ ಆಗಬೇಕು. ಮತ್ತೆ ಬೆಳೆದಿಲ್ಲ ಎಂದು ಡಾಕ್ಟರು ಹೇಳುವವರೆಗೂ ಹೊರಗಿನ ಬೆಂಚಿನಲ್ಲಿ ಅವ್ವ ನನ್ನ ಮುಖ ನೋಡುವುದಿಲ್ಲ, ನಾನೂ ಅವಳ ಮುಖ ನೋಡುವುದಿಲ್ಲ.