ಮಾಂಟಿಯ ಅಮ್ಮ ತೀರಿಕೊಂಡ ಸುದ್ದಿ

ಸಾವು ಯಾರಿಗೂ ಹೇಳಿ ಕಳಿಸಿ ಬರುವುದಿಲ್ಲ ಎಂಬುದು ಗಂಭೀರವಾದ ಸತ್ಯ. ಆದರೆ ಎಪ್ಪತ್ತರ ದಶಕದಲ್ಲಿ ದಾವಣಗೆರೆಯ ನಮ್ಮ ಓಣಿಗೆ ಅದು ಮುಂಬಯಿಯ ಪತ್ರಿಕೆಯಲ್ಲಿ, ಬಣ್ಣದ ಚಿತ್ರದ ಸಮೇತ ಬಂತು.

ಆಗ ಓಣಿಯ ತುಂಬ ಮಂಡಕ್ಕಿ ಭಟ್ಟಿಗಳು. ಕಾದ ಮರಳಿನ ವಾಸನೆ, ಹೊಟ್ಟಿನ ಹೊಗೆ. ನಾವು ಹುಡುಗಿಯರು ಹೊಟ್ಟಿನ ಗುಡ್ಡೆಯ ಮೇಲಿಂದ ಜಾರಿ, ಸಂಜೆಯವರೆಗೂ ಮೈ ಕೆರೆದುಕೊಳ್ಳುತ್ತಿದ್ದೆವು. ಪಕ್ಕದ ಭಟ್ಟಿ ಖೈರಮ್ಮನದು. ಆಕೆಯ ಒಬ್ಬನೇ ಮಗ ಮುನೀರ ಮುಂಬಯಿ ಸೇರಿ, ಮಾಂಟಿ ಎಂಬ ಹೆಸರಿನ ಪಾಪ್ ಹಾಡುಗಾರನಾಗಿದ್ದ. ಹೋದವನು ಒಮ್ಮೆಯೂ ಊರಿಗೆ ಬಂದಿರಲಿಲ್ಲ. ಅವನ ಹಾಡಿನ ಸಣ್ಣ ಗ್ರಾಮಫೋನ್ ತಟ್ಟೆ ಅಂಗಡಿಗೆ ಬಂದಾಗಲೆಲ್ಲ ಖೈರಮ್ಮ ಕೊಂಡು, ಸೆರಗಿನಲ್ಲಿ ಮುಚ್ಚಿಕೊಂಡು ನಮ್ಮ ಮನೆಗೆ ತರುತ್ತಿದ್ದಳು. ರೇಡಿಯೋ ರಿಪೇರಿಯ ನಮ್ಮಪ್ಪನ ಬಳಿ ಪ್ಲೇಯರ್ ಇತ್ತು.

“ಇದು ಫಂಕ್ ಅಂತೆ ಖೈರಮ್ಮ.”

“ಹಂಗಂದ್ರೆ ಕಾಯ್ಲೆ ಏನ್ರಿ?”

“ಹೂಂ, ಕಾಲಿಗೆ ಬರೋದು, ಕುಣಿಸಿಬಿಡ್ತೈತೆ,” ಅಂದರು ಅಪ್ಪ.

ಹಾಡಿನ ತಳದಲ್ಲಿ ಜರಕ್ ಜರಕ್ ಎಂಬ ಸದ್ದು ಇರುತ್ತಿತ್ತು. ಮರಳಿನಿಂದ ಮಂಡಕ್ಕಿ ಸೋಸುವ ಜರಡಿಯ ಸದ್ದು. ಆರಿದ ಭಟ್ಟಿಯ ಮುಂದೆ ಯಾರೋ ಕಾಣದವರು ಕೂತು ಕೈ ಆಡಿಸುತ್ತಿದ್ದಾರೆ ಅನ್ನಿಸಿ ನನ್ನ ಮೈ ಜುಮ್ಮೆನ್ನುತ್ತಿತ್ತು.

ಅಪ್ಪ ಓದಿ ಹೇಳಿದ ಪತ್ರಿಕೆಯ ಮೊದಲ ಸಂದರ್ಶನದಲ್ಲಿ ಅವನು, ಅದು ನಮ್ಮಮ್ಮನ ಜರಡಿ ಎಂದಿದ್ದ. ಮುಂದಿನ ತಟ್ಟೆಯ ಹೊತ್ತಿಗೆ ಅಮ್ಮನದು ದೊಡ್ಡ ಅಕ್ಕಿ ವ್ಯಾಪಾರವಾಗಿತ್ತು. ಖೈರಮ್ಮ ಬಿದ್ದು ಬಿದ್ದು ನಕ್ಕಳು. ಆಮೇಲೆ ಬಂದ ಸಂದರ್ಶನವನ್ನು ಓದುತ್ತ ಅಪ್ಪ ನಡುವೆಯೇ ನಿಲ್ಲಿಸಿದರು.

“ಓದ್ರಿ.”

“ಬ್ಯಾಡ ಬಿಡ್ರಿ.”

“ಓದ್ರಿ ಅಂದ್ನಲ್ಲ!”

“ಅದು ತೀರಿಹೋದ ನಮ್ಮಮ್ಮನ ನೆನಪು ಅಂತ ಹೇಳ್ಯಾನೆ.”

ತಟ್ಟೆ ತಿರುಗುತ್ತಲೇ ಇತ್ತು. ಖೈರಮ್ಮ ಅದನ್ನು ಮುಗಿಯುವವರೆಗೂ ಕೇಳಿದಳು. “ಪೇಪರಿನೋರಿಗೆ ಯಾರೂ ಏನೂ ಬರೀಬ್ಯಾಡ್ರಿ. ನಾನು ಬದುಕೀನಿ ಅಂತ ಗೊತ್ತಾದ್ರೆ ನನ್ನ ಮಗ ಸುಳ್ಳ ಆಗ್ತಾನೆ. ಇದ್ದೋಳ್ನ ನೋಡಾಕೆ ಬರ್ಲಿಲ್ಲ, ಗೋರಿಗಾದ್ರೂ ಬರ್ತಾನೇನೋ.”

ಹರಿಹರದಲ್ಲಿದ್ದ ಖೈರಮ್ಮನ ತಂಗಿ ಸುದ್ದಿ ತಿಳಿದು ಅಳುತ್ತ ಬಂದಳು. ಅವಳಿಗೆ ಸತ್ತವಳೇ ಮಂಡಕ್ಕಿ ಕಲಸಿ, ಮೆಣಸಿನಕಾಯಿ ಕರಿದುಕೊಟ್ಟಳು. “ಆಮೇಲೆ ಅಳೀಯಂತೆ, ಆರಿ ಹೋಗ್ತಾವೆ, ತಿನ್ನೇ.”

ಆ ಬೇಸಿಗೆಯ ಒಂದು ಮಧ್ಯಾಹ್ನ ಪತ್ರಿಕೆಯವನೊಬ್ಬ ಕ್ಯಾಮೆರಾ ಹಿಡಿದು ಬಂದು, ಮಾಂಟಿಯ ತಾಯಿಯ ಗೋರಿ ಎಲ್ಲಿ ಎಂದು ಕೇಳಿದ. ಖೈರಮ್ಮ ಸೆರಗನ್ನು ತಲೆಗೆಳೆದುಕೊಂಡು ನೆರೆಯವಳಂತೆ ತನ್ನ ಸಾವನ್ನು ಸಾವಧಾನವಾಗಿ ವರ್ಣಿಸಿದಳು. ಜ್ವರ ಏರಿದ್ದು, ನೀರು ಕೇಳಿದ್ದು, ಮಗನ ಹೆಸರು ಹಿಡಿದು ಕರೆದದ್ದು. ಉರಿಬಿಸಿಲಿನಲ್ಲಿ ನನಗೆ ಚಳಿ ಹತ್ತಿತು. ಆಮೇಲೆ ನಮ್ಮನ್ನು ಖಬರಸ್ತಾನಕ್ಕೆ ಕರೆದೊಯ್ದಳು. ಅದರೊಳಗೆ ಹೆಂಗಸರು ಕಾಲಿಡುವ ವಾಡಿಕೆ ಇರಲಿಲ್ಲ. ಆಕೆ ಗೇಟಿನಲ್ಲೇ ನಿಂತು, ಬೇವಿನ ಮರದಡಿಯ ಹೆಸರಿಲ್ಲದ ಗೋರಿಯೊಂದನ್ನು ತೋರಿಸಿದಳು.

“ಅದು ಯಾರ್ದು ಖೈರಮ್ಮ?” ಎಂದು ಪಿಸುಗುಟ್ಟಿದೆ.

“ಯಾರ್ದೋ ತಾಯಿದು ಇರ್ತೈತೆ, ಸುಮ್ನಿರವ್ವ.”

ಗೋರಿಯ ಫೋಟೊ ಅಚ್ಚಾಯಿತು. ತಾಯಿಯ ಗೋರಿಗೂ ಹೋಗದ ಮಗನೇ ಎಂದು ಓದುಗರು ಛೀಮಾರಿ ಹಾಕಿದರು. ಹಾಗಾಗಿ ಮಾಂಟಿ ಬಂದೇ ಬಂದ. ಬಿಳಿ ಕಾರು, ನೆಲ ಗುಡಿಸುವ ಪ್ಯಾಂಟು, ಹಿಂದೆ ಕ್ಯಾಮೆರಾದವರು. ಖೈರಮ್ಮ ನನ್ನ ಕೈ ಹಿಡಿದು ಗೇಟಿನ ಪಕ್ಕ ನಿಂತಿದ್ದಳು. ಅವನು ಗೋರಿಗೆ ಹೂವಿನ ಚಾದರ ಹೊದಿಸಿ, ಕೈಯೆತ್ತಿ ಬೇಡಿಕೊಂಡು ನಿಜವಾಗಿಯೇ ಅತ್ತ. ಹೊರಗೆ ಬಂದವನು ಆಕೆಯನ್ನು ನೋಡಿ ಗಕ್ಕನೆ ನಿಂತ. ಮುಖದ ಬಣ್ಣ ಇಳಿದುಹೋಯಿತು. ಕ್ಯಾಮೆರಾದವರು ಹತ್ತಿರ ಬಂದರು.

“ನಮ್ಮಮ್ಮ ನಿಮಗೆ ಗೊತ್ತಿದ್ರೇನು?” ಎಂದ.

ಖೈರಮ್ಮನ ಉಗುರು ನನ್ನ ಅಂಗೈಗೆ ನಾಟಿತು. “ಗೊತ್ತಿದ್ಲಪ್ಪ. ನೀನು ಉಂಡ್ಯೋ ಇಲ್ಲೋ ಅಂತ ಕೇಳ್ತಾನೇ ಇದ್ಲು.”

ಅವನು ಸಲಾಂ ಮಾಡಿ ಕಾರು ಹತ್ತಿದ.

ಈಗ ಆ ಓಣಿಯಲ್ಲಿ ಭಟ್ಟಿಗಳಿಲ್ಲ, ಮಕ್ಕಳಿಗೆ ಜಾರಲು ಗುಡ್ಡೆಯಿಲ್ಲ. ಪಕ್ಕದ ಮನೆಯವರು ಇದ್ದಾರೋ ಇಲ್ಲವೋ ಎಂಬುದನ್ನೂ ಅವರಿವರನ್ನು ಕೇಳಿ ತಿಳಿಯಬೇಕು. ಖೈರಮ್ಮ ಆಮೇಲೂ ಬಹಳ ವರ್ಷ ಇದ್ದಳು. ತೀರಿಕೊಂಡಾಗ ಮುಂಬಯಿಗೆ ಯಾರೂ ತಂತಿ ಕೊಡಲಿಲ್ಲ.