ಎಂಟು ಜನರಿಗಾಗಿ ಅಲೆದ ಬದರಿನಾಥ

ಸ್ಕ್ವೇರ್ ಡ್ಯಾನ್ಸಿಗೆ ಎಂಟು ಜನ ಬೇಕು. ಏಳು ಜನ ಬಂದರೆ ಆ ಏಳೂ ಜನ ಕುರ್ಚಿಯ ಮೇಲೆ ಕೂತು, ಕಾಫಿ ಕುಡಿದು, ಮನೆಗೆ ಹೋಗಬೇಕು. ಈ ಒಂದು ನಿಯಮ ನನ್ನ ಗೆಳೆಯ ಬದರಿನಾಥನ ನೆಮ್ಮದಿಯನ್ನು ವರ್ಷಗಟ್ಟಲೆ ತಿಂದುಹಾಕಿತು. ಪಕ್ಕದ ಮನೆಯಲ್ಲಿರುವ ತಪ್ಪಿಗೆ ನನ್ನದನ್ನೂ ಅಷ್ಟಿಷ್ಟು ತಿಂದಿತು.

ಬದರಿ ಮೈಸೂರಿನವನು. ಡಲ್ಲಾಸ್ ಪಕ್ಕದ ಲೂಯಿಸ್‌ವಿಲ್‌ನಲ್ಲಿ ಮನೆ, ಟೆಲಿಕಾಂ ಕಂಪನಿಯೊಂದರಲ್ಲಿ ಮ್ಯಾನೇಜರ್. ಹೆಂಡತಿ ಶಕುಂತಲಾ ಧಾರವಾಡದವಳು. 2011ರಲ್ಲಿ ಆಫೀಸಿನ ಹಿರಿಯನೊಬ್ಬ ಇಬ್ಬರನ್ನೂ ಒಂದು ಮಂಗಳವಾರ ಸಂಜೆ ಚರ್ಚಿನ ಹಾಲಿಗೆ ಕರೆದುಕೊಂಡು ಹೋದ. ಅಲ್ಲಿ ನಾಲ್ಕು ಜೋಡಿಗಳು ಚೌಕವಾಗಿ ಎದುರುಬದುರು ನಿಂತಿದ್ದವು. ಕಾಲರ್ ಎನ್ನುವವನು ಮೈಕ್ ಹಿಡಿದು, ಹಾಡಿನ ಮಧ್ಯೆ ಒಂದೊಂದೇ ಆಜ್ಞೆ ಕೂಗುತ್ತಿದ್ದ. ಎಡಗೈ ಕೊಟ್ಟು ಸುತ್ತು, ಬೆನ್ನಿಗೆ ಬೆನ್ನಾಗಿ ಸರಿ, ಜೋಡಿ ಬದಲಾಯಿಸು, ಮತ್ತೆ ನಿನ್ನವಳ ಹತ್ತಿರ ಬಾ. ಕಿವಿಗೆ ಬಿದ್ದದ್ದನ್ನು ಕಾಲು ಮಾಡಬೇಕು. ಮುಂದೇನು ಎನ್ನುವುದು ಕಾಲರ್‌ನನ್ನು ಬಿಟ್ಟರೆ ಯಾರಿಗೂ ಗೊತ್ತಿರುವುದಿಲ್ಲ. ಆಫೀಸಿನಲ್ಲಿ ದಿನವಿಡೀ ಊರಿಗೆಲ್ಲ ಹೇಳಿ ಹೇಳಿ ಗಂಟಲು ಒಣಗಿಸಿಕೊಳ್ಳುತ್ತಿದ್ದ ಬದರಿಗೆ, ಬೇರೆಯವರು ಹೇಳಿದ್ದನ್ನು ತೆಪ್ಪಗೆ ಮಾಡಿಕೊಂಡಿರುವುದು ಪರಮಸುಖವೆನಿಸಿತು. ಸಾಲದ್ದಕ್ಕೆ ಅಲ್ಲಿ ಯಾರೂ ನಿಮ್ಮ ಮನೆಗೆ ಎಷ್ಟು ಬೆಡ್‌ರೂಮು, ಮಗಳಿಗೆ ಯಾವ ಕಾಲೇಜು ಎಂದು ವಿಚಾರಿಸುತ್ತಿರಲಿಲ್ಲ. ಗಂಡಹೆಂಡತಿ ಇಬ್ಬರೂ ಸೇರಿಕೊಂಡರು.

ತೊಂದರೆಯೇನೆಂದರೆ, ಕ್ಲಬ್ಬಿನಲ್ಲಿ ಉಳಿದವರೆಲ್ಲ ಎಪ್ಪತ್ತು ದಾಟಿದವರು. ಅಧ್ಯಕ್ಷೆ ಡಾರ್ಲೀನ್‌ಗೆ ಎಂಬತ್ತರ ಹತ್ತಿರ. ಮೊಣಕಾಲು, ಹೃದಯ, ಮಕ್ಕಳ ಊರು ಎಂದು ಒಬ್ಬೊಬ್ಬರೇ ಕಳಚಿಕೊಳ್ಳುತ್ತಿದ್ದರು. ಐವತ್ತರ ಬದರಿಯೇ ಅಲ್ಲಿ ಎಳೆಯ. ಹೊಸಬರನ್ನು ಹುಡುಕಿ ತರುವ ಕೆಲಸವನ್ನು ಯಾರೂ ಅವನಿಗೆ ವಹಿಸಲಿಲ್ಲ. ತಾನಾಗಿಯೇ ಕೊರಳಿಗೆ ಕಟ್ಟಿಕೊಂಡ.

ಹ್ಯೂಸ್ಟನ್‌ನಲ್ಲಿ ಇಂಥ ಕ್ಲಬ್ಬಿನವರ ಸಭೆ ನಡೆದಾಗ ರಜೆ ಹಾಕಿ ಹೋಗಿಬಂದ. ಎದುರಿಗೆ ಸಿಕ್ಕ ಎಲ್ಲರನ್ನೂ ಕರೆಯಿರಿ ಎಂದು ಅಲ್ಲಿ ಯಾರೋ ಭಾಷಣ ಬಿಗಿದರಂತೆ. ಇವನು ಅದನ್ನು ವ್ರತದಂತೆ ಹಿಡಿದ. ಹಲ್ಲಿನ ಡಾಕ್ಟರನ್ನು ಕರೆದ, ದೇವಸ್ಥಾನದ ಅರ್ಚಕರನ್ನು ಕರೆದ, ಇಂಡಿಯನ್ ಅಂಗಡಿಯಲ್ಲಿ ಮೆಂತ್ಯಸೊಪ್ಪು ಆರಿಸುತ್ತಿದ್ದವರನ್ನೂ ಬಿಡಲಿಲ್ಲ. ನಮ್ಮವರ ಉತ್ತರಗಳನ್ನು ಕೇಳಿ ಕೇಳಿ ನನಗೇ ಮೈ ಉರಿಯುತ್ತಿತ್ತು. ಮಂಗಳವಾರ ಮಗಳಿಗೆ ಭರತನಾಟ್ಯ. ಗ್ರೀನ್ ಕಾರ್ಡ್ ಬಂದಮೇಲೆ ನೋಡೋಣ. ಬೇರೆಯವರ ಹೆಂಡತಿಯ ಕೈ ಹಿಡಿಯಬೇಕಂತಲ್ಲ, ನಮ್ಮನೇಲಿ ಒಪ್ಪಲ್ಲ. ಬರುವುದಿಲ್ಲ ಎಂದು ನೆಟ್ಟಗೆ ಹೇಳಿದವರು ಒಬ್ಬರೂ ಇಲ್ಲ. ಎಲ್ಲರೂ ಡೆಫಿನೆಟ್ಲಿ ಬರುವವರೇ.

ಕನ್ನಡ ಸಂಘದ ದೀಪಾವಳಿ ಕಾರ್ಯಕ್ರಮದಲ್ಲಿ ಒಂದು ಪ್ರದರ್ಶನಕ್ಕೆ ಅವಕಾಶ ಕೇಳಿದ. ಕಾರ್ಯದರ್ಶಿ ಮೋಹನರಾಜರು ಹಾಡಿನ ಟ್ರ್ಯಾಕು ಮತ್ತು ರಿಹರ್ಸಲ್ ವಿಡಿಯೊ ಮೊದಲೇ ಕಳಿಸಬೇಕೆಂದರು. ಇದಕ್ಕೆ ರಿಹರ್ಸಲ್ ಇರುವುದಿಲ್ಲ, ಮುಂದೇನು ಬರುತ್ತದೆ ಎಂದು ಕುಣಿಯುವವರಿಗೇ ಗೊತ್ತಿರುವುದಿಲ್ಲ ಎಂದು ಇವನು ವಿವರಿಸಿದ. ಗೊತ್ತಿಲ್ಲದ್ದನ್ನು ಸ್ಟೇಜಿನ ಮೇಲೆ ಹೇಗೆ ಬಿಡುವುದೆಂದು ಅವರು ಫೋನಿಟ್ಟರು. ಕೊನೆಗೆ ಊಟದ ಸಾಲಿನ ಪಕ್ಕ ಹೆಸರು ಬರೆಸಿಕೊಳ್ಳಲು ಒಂದು ಮೇಜು ಸಿಕ್ಕಿತು. ಆ ಮೇಜಿನಿಂದ ಮೂರು ಜೋಡಿ ಗಿಟ್ಟಿತು. ಪಕ್ಕದ ಪ್ರಾಸ್ಪರ್ ಊರಿನಲ್ಲಿ ಹೊಸ ಮನೆ ಕೊಂಡಿದ್ದ ಪ್ರಹ್ಲಾದ್ ಮತ್ತು ನಿರುಪಮಾ, ಜೊತೆಗೆ ಅವರದೇ ಬೀದಿಯ ಎರಡು ಸಾಫ್ಟ್‌ವೇರ್ ಜೋಡಿ. ಆ ರಾತ್ರಿ ಬದರಿ ನನಗೆ ಮೂರು ಸಲ ಫೋನ್ ಮಾಡಿದ.

ಅಷ್ಟು ಹೊತ್ತಿಗೆ ಕ್ಲಬ್ಬಿಗೆ ಇನ್ನೊಂದು ಅವಮಾನವಾಗಿತ್ತು. ಈ ಕ್ಲಬ್ಬುಗಳಲ್ಲಿ ಒಂದು ಪದ್ಧತಿಯಿದೆ. ಒಂದು ಕ್ಲಬ್ಬಿನ ಎಂಟು ಜನ ಇನ್ನೊಂದಕ್ಕೆ ಅತಿಥಿಗಳಾಗಿ ಹೋಗಿ ಕುಣಿದರೆ, ಅಲ್ಲಿಯ ಗೋಡೆಯ ಬ್ಯಾನರನ್ನು ಎತ್ತಿಕೊಂಡು ಬರಬಹುದು. ಕಳೆದುಕೊಂಡವರು ಎಂಟು ಜನ ಕಟ್ಟಿಕೊಂಡು ಹೋಗಿ ಕುಣಿದೇ ಬಿಡಿಸಿಕೊಳ್ಳಬೇಕು. ಜನ ಊರೂರಿಗೆ ಓಡಾಡಲಿ ಎಂದು ಮಾಡಿಕೊಂಡ ಉಪಾಯ. ಆಸ್ಟಿನ್ ಕಡೆಯ ಟೇಲರ್ ಊರಿನವರು ಬಂದು ಲೂಯಿಸ್‌ವಿಲ್‌ನವರ ಬ್ಯಾನರ್ ಒಯ್ದು ವರ್ಷವಾಗುತ್ತ ಬಂದಿತ್ತು. ಹಿರಿಯರಿಗೆ ಅಷ್ಟು ದೂರ ಕಾರಿನಲ್ಲಿ ಕೂರಲು ಆಗುತ್ತಿರಲಿಲ್ಲ. 2016ರ ಮೇ ಒಳಗೆ ಬ್ಯಾನರ್ ತರುವಷ್ಟು ಜನವೂ ಇಲ್ಲವೆಂದಾದರೆ ಕ್ಲಬ್ ಮುಚ್ಚುವ ಮಾತಾಡೋಣ ಎಂದು ಡಾರ್ಲೀನ್ ಹೇಳಿದ್ದಳು. ಬದರಿ, ಶಕುಂತಲಾ, ಈ ಮೂರು ಜೋಡಿ ಸೇರಿದರೆ ಸರಿಯಾಗಿ ಎಂಟು.

ಆದರೆ ಈ ಮಹಾಶಯರು ಮಂಗಳವಾರದ ಕ್ಲಾಸಿಗೆ ಬಂದರೆ ತಾನೇ? ಒಂದು ವಾರ ಪ್ರಾಜೆಕ್ಟ್ ರಿಲೀಸ್, ಇನ್ನೊಂದು ವಾರ ಕ್ರಿಕೆಟ್, ಮತ್ತೊಂದು ವಾರ ಅತ್ತೆಮಾವ ಏರ್‌ಪೋರ್ಟಿಗೆ ಬರುತ್ತಾರೆ. ಪಾಪ ಹಿಂದೆ ಬೀಳಬಾರದೆಂದು ಬದರಿ ಕಾಲರ್‌ನ ಒಂದು ಸಂಜೆಯ ಕೂಗನ್ನು ರೆಕಾರ್ಡ್ ಮಾಡಿ ಕಳಿಸಿದ. ಪ್ರಹ್ಲಾದ್ ಓದಿನಲ್ಲಿ ರ‍್ಯಾಂಕ್ ಬಂದ ಹುಡುಗ. ಆಜ್ಞೆಗಳನ್ನೆಲ್ಲ ಸಾಲಾಗಿ ಬರೆದು ಎಲ್ಲರಿಗೂ ಹಂಚಿದ. ಶನಿವಾರ ಅವನ ಗ್ಯಾರೇಜಿನಲ್ಲಿ ಅಭ್ಯಾಸ, ಆಮೇಲೆ ಬಿಸಿಬೇಳೆಭಾತ್. ನನ್ನ ಮೊಣಕಾಲು ಕೆಟ್ಟಿದ್ದರಿಂದ ನಾನು ಬರೀ ಭಾತಿಗೆ ಹೋಗುತ್ತಿದ್ದೆ. ಅವರದು ಒಂದು ಹೆಜ್ಜೆಯೂ ತಪ್ಪುತ್ತಿರಲಿಲ್ಲ. ರೆಕಾರ್ಡಿನ ಧ್ವನಿಗಿಂತ ಮೊದಲೇ ಅವರ ಕಾಲು ಹೊರಟಿರುತ್ತಿತ್ತು. ಬದರಿಯ ಕಣ್ಣು ತುಂಬಿ ಬರುತ್ತಿತ್ತು.

ಶಕುಂತಲಾ ಮಾತ್ರ ಹುಬ್ಬು ಗಂಟಿಕ್ಕಿದಳು. “ಇವ್ರು ಕೇಳಿ ಕುಣ್ಯಾಕತ್ತಿಲ್ಲರಿ, ಪಾಠ ಒಪ್ಪಸಾಕತ್ತಾರ,” ಎಂದಳು. ಎಲ್ಲದರಲ್ಲೂ ಕೊಂಕು ತೆಗೆಯಬೇಡ ಎಂದು ಬದರಿ ಅವಳ ಬಾಯಿ ಮುಚ್ಚಿಸಿದ.

ಏಪ್ರಿಲ್ ಕೊನೆಯ ಶನಿವಾರ ವ್ಯಾನು ಓಡಿಸಿಕೊಂಡು ಎಂಟೂ ಜನರನ್ನು ಟೇಲರ್‌ಗೆ ಕರೆದೊಯ್ದವನು ನಾನು. ಹೆಂಗಸರು ಒಂದೇ ಬಣ್ಣದ ಲಂಗ, ಗಂಡಸರು ಚೌಕಳಿ ಅಂಗಿ. ಅಲ್ಲಿಯ ಕಾಲರ್ ಹಾಡು ಹಾಕಿ, ಇವರು ಕಾದಿದ್ದ ಮೊದಲ ಆಜ್ಞೆಯನ್ನು ಬಿಟ್ಟು ಬೇರೆ ಯಾವುದನ್ನೋ ಕೂಗಿದ. ಪ್ರಹ್ಲಾದ್ ತುಂಬು ವಿಶ್ವಾಸದಿಂದ ಬಲಕ್ಕೆ ಹೊರಟ. ಅವನನ್ನು ನಂಬಿ ಉಳಿದ ಐವರೂ ಹೊರಟರು. ನಿರುಪಮಾ ಗಂಡನನ್ನು ಹುಡುಕುತ್ತ ಪಕ್ಕದ ಚೌಕದ ನಡುವೆ ಹೋಗಿ ನಿಂತಳು. ದೊಡ್ಡ ಬೆಲ್ಟಿನ ಮುದುಕನೊಬ್ಬ ಮರ್ಯಾದೆಯಿಂದ ಕೈಹಿಡಿದು ಅವಳನ್ನು ಹಿಂದಕ್ಕೆ ತಂದುಬಿಟ್ಟ. ನಡುವೆ ಬದರಿ ಒಬ್ಬನೇ ಎಡಗೈ ಚಾಚಿಕೊಂಡು ನಿಂತಿದ್ದ, ಹಿಡಿಯುವವರಿಲ್ಲ. ಶಕುಂತಲಾ ನನ್ನ ಕಡೆ ನೋಡಲೇ ಇಲ್ಲ.

ಹಾಡು ನಿಂತಮೇಲೆ ಪ್ರಹ್ಲಾದ್ ನೇರವಾಗಿ ಬದರಿಯ ಹತ್ತಿರ ಬಂದ. ಮುಖ ಕೆಂಪಾಗಿತ್ತು.

“ಅಂಕಲ್, ಇದು ಸಿಲಬಸ್‌ನಲ್ಲೇ ಇರ್ಲಿಲ್ಲ.”

“ಎಲ್ಲಾ ಕಲ್ತಿರೋದೇ ಕಣಪ್ಪ. ಆರ್ಡರ್ ಮಾತ್ರ ಬೇರೆ.”

“ಆರ್ಡರ್ ಚೇಂಜ್ ಮಾಡಿದ್ರೆ ಹೇಗೆ ಅಂಕಲ್? ಮೊದ್ಲೇ ಹೇಳ್ಬೇಕಲ್ವಾ?”

ಟೇಲರ್‌ನವರು ಒಳ್ಳೆಯ ಜನ. ಕುಣಿದದ್ದು ಲೆಕ್ಕಕ್ಕೆ ಬಂತೆಂದು ಚಪ್ಪಾಳೆ ತಟ್ಟಿ ಬ್ಯಾನರ್ ಕೊಟ್ಟರು. ನಮ್ಮವರು ಅದನ್ನು ಹಿಡಿದು ಹತ್ತು ಭಂಗಿಯಲ್ಲಿ ಫೋಟೊ ತೆಗೆಸಿಕೊಂಡು ವ್ಯಾನು ಹತ್ತುವ ಮೊದಲೇ ವಾಟ್ಸ್ಯಾಪಿಗೆ ಹಾಕಿದರು. ದಾರಿಯಲ್ಲಿ ನಿರುಪಮಾ, ಬೇಸಿಗೆಯಲ್ಲಿ ಮಕ್ಕಳ ಸಾಕರ್ ಇರುವುದರಿಂದ ಮಂಗಳವಾರ ಕಷ್ಟ ಎಂದು ತಿಳಿಸಿದಳು. ಎಲ್ಲರಿಗೂ ಕಷ್ಟವೇ ಇತ್ತು. ಅವರನ್ನು ಅಲ್ಲೇ ರಸ್ತೆಬದಿ ಇಳಿಸಿಬಿಡಬೇಕು ಎನಿಸಿತು ನನಗೆ. ಬದರಿ ಬ್ಯಾನರನ್ನು ತೊಡೆಯ ಮೇಲಿಟ್ಟುಕೊಂಡು, ತಂದೆವಲ್ಲ, ಅಷ್ಟು ಸಾಕು, ಇನ್ನು ಮುಚ್ಚುವ ಮಾತಿಲ್ಲ ಎನ್ನುತ್ತಿದ್ದ.

ಮುಂದಿನ ಮಂಗಳವಾರ ಸಭೆ. ಲೆಕ್ಕಕ್ಕೊಬ್ಬನಿರಲಿ ಎಂದು ನನ್ನನ್ನೂ ಎಳೆದುಕೊಂಡು ಹೋದ. ಪ್ರಾಸ್ಪರ್‌ನವರು ಒಬ್ಬರೂ ಇರಲಿಲ್ಲ. ಬದರಿ ಎದ್ದು ನಿಂತು ಅರ್ಧ ಗಂಟೆ ಮಾತಾಡಿದ. ಇನ್ನೊಂದು ವರ್ಷ ಕೊಡಿ, ಸೆಪ್ಟೆಂಬರಿಗೆ ಹೊಸ ಕ್ಲಾಸು, ಜನರನ್ನು ತರುವುದು ನನ್ನ ಜವಾಬ್ದಾರಿ ಎಂದ. ಅಜ್ಜಅಜ್ಜಿಯರು ನೆಲ ನೋಡುತ್ತಿದ್ದರು.

ಡಾರ್ಲೀನ್ ಕೋಲೂರಿಕೊಂಡು ಬಂದು ಅವನ ಪಕ್ಕದ ಕುರ್ಚಿಯಲ್ಲಿ ಕೂತಳು. ಅವಳು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: “ಎರಡು ವರ್ಷದ ಹಿಂದೆಯೇ ನಿಲ್ಲಿಸೋಣ ಅಂತ ನಾವೆಲ್ಲ ಮಾತಾಡಿಕೊಂಡಿದ್ದೆವು ಮಗು. ನೋವಿನ ಮಾತ್ರೆ ನುಂಗದೆ ನಾನು ಒಂದು ಮಂಗಳವಾರವೂ ಇಲ್ಲಿಗೆ ಬಂದಿಲ್ಲ. ನೀನು ಅಷ್ಟು ಖುಷಿಯಾಗಿ ಬರುತ್ತಿದ್ದೆ. ನಿನಗೆ ಹೇಳುವುದಕ್ಕೆ ಯಾರಿಗೂ ಬಾಯಿ ಬರಲಿಲ್ಲ. ಬ್ಯಾನರಿನ ನೆಪವೂ ಕೈಕೊಟ್ಟಿತು, ನೀನು ಅದನ್ನೂ ತಂದುಬಿಟ್ಟೆ.”

ಬದರಿ ನನ್ನ ಕಡೆ ತಿರುಗಿದ. “ನಾನು ಇವರಿಗೋಸ್ಕರ ಒದ್ದಾಡ್ತಿದ್ದೆ ಕಣೋ,” ಎಂದ. ನನಗೆ ಕೆಟ್ಟ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ನಿಲ್ಲಿಸೋಣ ಎನ್ನುವವರು ಕೈ ಎತ್ತಿ ಎಂದು ಡಾರ್ಲೀನ್ ಕೇಳಿದಳು. ಒಬ್ಬರೂ ಎತ್ತಲಿಲ್ಲ. ಎಲ್ಲರೂ ಅವನ ಮುಖವನ್ನೇ ನೋಡುತ್ತ ಕೂತರು. ಶಕುಂತಲಾ ಅವನ ಬೆನ್ನ ಮೇಲೆ ಕೈಯಿಟ್ಟಳು. ಕೊನೆಗೆ ಬದರಿ ಕೈ ಎತ್ತಿದ. ಆಮೇಲೆ ಉಳಿದವರು ಎತ್ತಿದರು.